‘ಈ ಸಿಸ್ಟಂನಲ್ಲಿ ಆ ಗೇಮ್ ಓಡುತ್ತಾ?’ – ಕ್ಯಾಬಿನೆಟ್ ಬಿಚ್ಚದೆ ಉತ್ತರ ಬೇಡ

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಮೈಸೂರು, ಮಂಡ್ಯದ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: ‘ಮನೇಲಿ ಹಳೇ ಸಿಸ್ಟಂ ಇದೆ ಸಾರ್, ಈ ಹೊಸ ಗೇಮ್ ಓಡುತ್ತಾ?’ ಬಹಳ ಕಡೆ ಉತ್ತರವೂ ಸಿದ್ಧವಾಗಿರುತ್ತದೆ. ಒಂದೋ ‘ಇನ್ನೊಂದು 8 ಜಿಬಿ ರ್ಯಾಮ್ ಹಾಕ್ಸಿ, ಓಡುತ್ತೆ’, ಇಲ್ಲವೋ ‘ಇದು ಡಬ್ಬಾ ಆಗೋಯ್ತು, ಹೊಸದು ತಗೊಂಬಿಡಿ’. ಎರಡೂ ಕ್ಯಾಬಿನೆಟ್ಟಿನ ಒಂದು ಸ್ಕ್ರೂ ಕೂಡ ಬಿಚ್ಚದೆ ಹೇಳುವ ಮಾತು. ಮೊದಲನೆಯದನ್ನು ನಂಬಿದವರು ರ್ಯಾಮ್ ದುಡ್ಡು ಕಳೆದುಕೊಳ್ಳುತ್ತಾರೆ, ಎರಡನೆಯದನ್ನು ನಂಬಿದವರು ಇನ್ನೂ ಐದು ವರ್ಷ ಬಾಳುತ್ತಿದ್ದ ಯಂತ್ರವನ್ನೇ ಗುಜರಿಗೆ ಹಾಕುತ್ತಾರೆ. ಕಂಪ್ಯೂಟರ್ ದುರಸ್ತಿಯನ್ನೇ ಕಸುಬು ಮಾಡಿಕೊಂಡಿರುವ ನಾವು ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

‘ಓಡುವುದಿಲ್ಲ’ ಎಂಬುದರಲ್ಲಿ ಎರಡು ಬಗೆ. ಒಂದು, ಯಂತ್ರಕ್ಕೆ ಕಸುವು ಸಾಲದು. ಇನ್ನೊಂದು, ಗೇಮ್ ಕೇಳುವ ಅಂಗವೇ ಯಂತ್ರದಲ್ಲಿಲ್ಲ. ಕಸುವು ಸಾಲದಿದ್ದರೆ ಸೆಟ್ಟಿಂಗ್ ಇಳಿಸಿ, ಒಂದೆರಡು ಭಾಗ ಬದಲಿಸಿ ಹೇಗಾದರೂ ನಿಭಾಯಿಸಬಹುದು. ಅಂಗವೇ ಇಲ್ಲದಿದ್ದರೆ ಎಷ್ಟು ಇಳಿಸಿದರೂ ಗೇಮ್ ತೆರೆಯುವುದೇ ಇಲ್ಲ. ಮೊದಲು ತಿಳಿಯಬೇಕಾದ್ದು ನಮ್ಮ ಸಿಸ್ಟಂನ ಕೊರತೆ ಯಾವ ಬಗೆಯದು ಎಂಬುದು.

ಅಂಗದ ಕೊರತೆಗೆ ಉದಾಹರಣೆ ಕೊಡುತ್ತೇವೆ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, 2025ರ ಮೇ ತಿಂಗಳಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ ಎರಡಕ್ಕೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ನೆರಳು, ಪ್ರತಿಫಲನ ಬಿಡಿಸುವ ವಿಧಾನ) ಮಾಡುವ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಎನ್‌ವಿಡಿಯಾ ಕಂಪನಿಯ ಕಾರ್ಡುಗಳಲ್ಲಿ ಕನಿಷ್ಠವೆಂದು ಹೇಳಿರುವುದು 8 ಜಿಬಿಯ ಆರ್‌ಟಿಎಕ್ಸ್ 2060 ಸೂಪರ್. ಜಿಟಿಎಕ್ಸ್ 1080 ಟಿಐ ಒಂದು ಕಾಲದ ರಾಜ, 11 ಜಿಬಿ ಮೆಮೊರಿ ಇದೆ. ಆದರೂ ರೇ ಟ್ರೇಸಿಂಗ್‌ಗೆಂದೇ ಇರುವ ಭಾಗ ಅದರಲ್ಲಿಲ್ಲವಾದ್ದರಿಂದ ಇಲ್ಲಿ ಅದರ ಬಲ ನಡೆಯದು. ಪ್ರೊಸೆಸರ್‌ನಲ್ಲೂ ಇಂಥದ್ದೊಂದು ಇದೆ. ಈಚಿನ ಕೆಲವು ಗೇಮ್‌ಗಳಿಗೆ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ನಾಲ್ಕನೇ ತಲೆಮಾರಿನ ಐ3, ಐ5, ಐ7ಗಳಿಂದ. ಅದೇ ತಲೆಮಾರಿನ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಅದಿಲ್ಲ. ಇದರ ಲಕ್ಷಣ ಗುರುತಿಸುವುದು ಸುಲಭ: ಐಕಾನ್ ಒತ್ತಿದರೆ ಒಂದು ಕ್ಷಣ ಕಪ್ಪು ಕಿಟಕಿ ಮಿಂಚಿ, ಏನೂ ಹೇಳದೆ ಮಾಯವಾಗುತ್ತದೆ. ಜನ ವಿಂಡೋಸ್ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿಸುತ್ತಾರೆ. ಸಿಪಿಯು–ಝಡ್ ಎಂಬ ಉಚಿತ ತಂತ್ರಾಂಶ ಹಾಕಿ, ಮೊದಲ ಪುಟದ ಆದೇಶಗಳ ಸಾಲಿನಲ್ಲಿ ಎವಿಎಕ್ಸ್2 ಇದೆಯೇ ಎಂದು ನೋಡಿದ್ದರೆ ಎರಡೇ ನಿಮಿಷದ ಕೆಲಸ.

ಇನ್ನು ಬಿಲ್ಲಿನ ಭಾಷೆ. ‘ಐ5, 8 ಜಿಬಿ ರ್ಯಾಮ್, 2 ಜಿಬಿ ಗ್ರಾಫಿಕ್ಸ್’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಐ5-2400 ಬಂದದ್ದು 2011ರಲ್ಲಿ, ಐ5-12400 ಬಂದದ್ದು 2022ರಲ್ಲಿ. ಎರಡೂ ಐ5, ನಡುವೆ ಹನ್ನೊಂದು ವರ್ಷದ ಅಂತರ. ಗೆರೆಯ ನಂತರದ ಮೊದಲ ಒಂದೆರಡು ಅಂಕಿಯೇ ತಲೆಮಾರು. ಗ್ರಾಫಿಕ್ಸ್ ಕಾರ್ಡಿನ ಕಥೆ ಇನ್ನೂ ಕೆಟ್ಟದ್ದು. ಜಿಟಿ 710ರಲ್ಲೂ 2 ಜಿಬಿ, ಜಿಟಿಎಕ್ಸ್ 770ರಲ್ಲೂ 2 ಜಿಬಿ. ಆದರೆ ಡಿಡಿಆರ್3 ಮೆಮೊರಿಯ ಜಿಟಿ 710 ಸೆಕೆಂಡಿಗೆ 14.4 ಜಿಬಿ ಮಾಹಿತಿ ಸಾಗಿಸಿದರೆ, ಜಿಟಿಎಕ್ಸ್ 770 ಸಾಗಿಸುವುದು 224 ಜಿಬಿ. ಒಂದು ಎತ್ತಿನ ಗಾಡಿ, ಇನ್ನೊಂದು ಲಾರಿ. 2019ರ ನವೆಂಬರ್‌ನಲ್ಲಿ ಕಂಪ್ಯೂಟರಿಗೆ ಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಕನಿಷ್ಠ ಕೇಳಿದ್ದು ಐ5-2500ಕೆ, 8 ಜಿಬಿ ರ್ಯಾಮ್, ಜಿಟಿಎಕ್ಸ್ 770 ಮತ್ತು ಡಿಸ್ಕಿನಲ್ಲಿ 150 ಜಿಬಿ ಜಾಗ. ‘ನಮ್ಮದೂ 2 ಜಿಬಿ ಕಾರ್ಡೇ’ ಎಂದು ಜಿಟಿ 710ರಲ್ಲಿ ಅದನ್ನು ಹಾಕಿದವರಿಗೆ ಸಿಗುವುದು ಒಂದರ ಹಿಂದೊಂದು ಸ್ಲೈಡ್ ತೋರಿಸಿದಂಥ ಚಿತ್ರ.

ಹಾಗಾಗಿ ಅಂಗಡಿಗೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಚೀಟಿ ಬರೆದುಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು, ರ್ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿವೆ, ಡಿಸ್ಕು ಎಚ್‌ಡಿಡಿಯೋ (ತಿರುಗುವ ಹಳೆಯ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ (ಚಿಪ್‌ಗಳ ವೇಗದ ಡಿಸ್ಕ್), ಗ್ರಾಫಿಕ್ಸ್ ಯಾವುದು ಎಲ್ಲವೂ ಕಾಣುತ್ತದೆ. ಆಮೇಲೆ ಗೇಮ್‌ನ ಅಧಿಕೃತ ಪುಟದಲ್ಲಿರುವ ‘ಕನಿಷ್ಠ’ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ‘ಕನಿಷ್ಠ’ ಎಂದರೆ ಬಹಳ ಸಲ ಎಲ್ಲ ಸೆಟ್ಟಿಂಗ್ ಕೆಳಗಿಳಿಸಿ, ಸೆಕೆಂಡಿಗೆ 30 ಫ್ರೇಮ್ (ಪರದೆಯ ಮೇಲೆ ಬದಲಾಗುವ ಚಿತ್ರಗಳು) ಅಷ್ಟೇ. ಪಟ್ಟಿ ಯಾವ ವರ್ಷದ್ದು ಎಂಬುದನ್ನೂ ನೋಡಬೇಕು. ‘ಸೈಬರ್‌ಪಂಕ್ 2077’ 2020ರಲ್ಲಿ ಬಂದಾಗ 8 ಜಿಬಿ ರ್ಯಾಮ್, ಸಾಮಾನ್ಯ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 780 ಸಾಕು ಎಂದಿತ್ತು. 2023ರ ದೊಡ್ಡ ಅಪ್‌ಡೇಟ್ ನಂತರ ಅದೇ ಗೇಮ್ ಕೇಳುವುದು 12 ಜಿಬಿ ರ್ಯಾಮ್, ಎಸ್‌ಎಸ್‌ಡಿ, 6 ಜಿಬಿಯ ಜಿಟಿಎಕ್ಸ್ 1060. ಹಳೆಯ ಪಟ್ಟಿ ನೋಡಿ ಕೊಂಡವರು ಮೋಸಹೋಗುತ್ತಾರೆ.

ಹೊಸ ಭಾಗ ಕೊಳ್ಳುವ ಮುಂಚೆ ಇರುವ ಯಂತ್ರ ತನ್ನ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಏಳೆಂಟು ವರ್ಷದ ಸಿಸ್ಟಂಗಳಲ್ಲಿ ಬಹುಪಾಲು ಮಾಡುತ್ತಿರುವುದಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಟಾರ್ಚ್ ಬಿಡಿ. ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಒತ್ತಾಗಿ ಕೂತಿರುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಒಳಗೆ ಇಳಿಯುವುದಿಲ್ಲ. ಕೂಲರ್ ಎತ್ತಿದರೆ ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದ ಪುಡಿಯಂತಾಗಿರುತ್ತದೆ. ಇಂಟೆಲ್ ಜೊತೆಗೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಬೋರ್ಡಿನಿಂದ ಎದ್ದು ನಿಂತಿದ್ದರಂತೂ ಕೂಲರ್ ಒಂದು ಕಡೆ ವಾಲಿ, ಪ್ರೊಸೆಸರ್ 95-100 ಡಿಗ್ರಿ ಮುಟ್ಟಿ, ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಗೇಮ್ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತೊದಲುವುದಕ್ಕೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ನಮ್ಮ ಏಪ್ರಿಲ್ ಸೆಖೆಯಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು. ಪವರ್ ತಂತಿ ಪೂರ್ತಿ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋಯರ್‌ನಿಂದ ಧೂಳು ಊದಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಕೂಲರ್ ಕೂರಿಸುವಾಗ ಮೂಲೆಯಿಂದ ಮೂಲೆಗೆ ಎದುರುಬದುರಿನ ಎರಡೆರಡು ಪಿನ್‌ಗಳನ್ನು ಒಟ್ಟಿಗೆ ಒತ್ತಿ. ‘ಟಕ್’ ಎಂಬ ಸದ್ದು ನಾಲ್ಕು ಸಲ ಕೇಳಿಸಲೇಬೇಕು. ಒಂದೇ ಕಡೆಯ ಪಿನ್‌ಗಳನ್ನು ಮೊದಲು ಒತ್ತಿದರೆ ಆ ಕಡೆಯವು ಮತ್ತೆ ಎದ್ದುಬರುತ್ತವೆ.

ಶುಚಿಯಾದ ಮೇಲೆ ಪರೀಕ್ಷೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಂಡು ಆಡುವಾಗಲೇ ಪರದೆಯ ಮೂಲೆಯಲ್ಲಿ ಕಾರ್ಡಿನ ಬಳಕೆ, ಮೆಮೊರಿ, ತಾಪ, ಫ್ರೇಮ್ ನೋಡಿ. ಕಾರ್ಡಿನ ಬಳಕೆ ಶೇ 95ರ ಮೇಲಿದ್ದರೆ ದಣಿದಿರುವುದು ಕಾರ್ಡು. ಶೇ 50-60ರಲ್ಲೇ ನಿಂತು ಫ್ರೇಮ್ ಕಡಿಮೆ ಇದ್ದರೆ ತಡೆಯುತ್ತಿರುವುದು ಬಹುತೇಕ ಪ್ರೊಸೆಸರ್. ಇನ್ನೂ ಸರಳವಾದ ದಾರಿ: ರೆಸಲ್ಯೂಷನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿ. ಬಿಡಿಸಬೇಕಾದ ಚುಕ್ಕಿಗಳು 20,73,600ರಿಂದ 9,21,600ಕ್ಕೆ ಬೀಳುತ್ತವೆ, ಅರ್ಧಕ್ಕಿಂತಲೂ ಕಡಿಮೆ. ಆಗ ಫ್ರೇಮ್ ಜಿಗಿದರೆ ಕಾರ್ಡಿನ ಕೊರತೆ. ಅಲ್ಲಾಡದಿದ್ದರೆ ಹೊಸ ಕಾರ್ಡ್ ತಂದು ಹಾಕಿದರೂ ಪ್ರಯೋಜನವಿಲ್ಲ. ಈ ಒಂದು ಪರೀಕ್ಷೆ ಮಾಡದೆ ಕಾರ್ಡ್ ಮಾರುವುದು, ಕೊಳ್ಳುವುದು ಎರಡೂ ತಪ್ಪು.

ರ್ಯಾಮ್ ವಿಷಯ. 8 ಜಿಬಿ ಇದ್ದು ಗೇಮ್ 12 ಅಥವಾ 16 ಕೇಳಿದರೆ ಹಾಕಿಸಬೇಕು, ಅದರಲ್ಲಿ ಅನುಮಾನವಿಲ್ಲ. 16 ಇದ್ದವರು 32 ಮಾಡಿದರೆ ಫ್ರೇಮ್ ಏರುವುದು ಅಪರೂಪ. ಎಷ್ಟಿದೆ ಎಂಬುದರಷ್ಟೇ ಹೇಗಿದೆ ಎಂಬುದೂ ಮುಖ್ಯ. 8ರ ಎರಡು ಕಡ್ಡಿಗಳನ್ನು ಸರಿಯಾದ ಜೋಡಿ ಸ್ಲಾಟಿನಲ್ಲಿ ಹಾಕಿದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. 16ರ ಒಂದೇ ಕಡ್ಡಿ ಹಾಕಿದರೆ ಒಂದೇ ದಾರಿ. 1600ರ ಡಿಡಿಆರ್3ಯಲ್ಲಿ ಒಂದು ದಾರಿಗೆ ಸೆಕೆಂಡಿಗೆ 12.8 ಜಿಬಿ, ಎರಡಕ್ಕೆ 25.6. ಬೇರೆ ಕಾರ್ಡಿಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೇ ನಂಬಿದವರಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಡಿಡಿಆರ್3 ಬೋರ್ಡಿಗೆ ಡಿಡಿಆರ್4 ಕಡ್ಡಿ ಕೂರುವುದಿಲ್ಲ, ಕಚ್ಚುಗಳ ಜಾಗವೇ ಬೇರೆ. ಒತ್ತಿ ಕೂರಿಸಲು ಹೋಗಬೇಡಿ.

ಎಸ್‌ಎಸ್‌ಡಿ ಫ್ರೇಮ್ ಏರಿಸುವುದಿಲ್ಲ, ಆದರೆ ಗೇಮ್ ನಡುವೆ ತಡವರಿಸುವುದನ್ನು ನಿಲ್ಲಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಕೊಟ್ಟರೆ, ಸಾಟಾ ಎಸ್‌ಎಸ್‌ಡಿ ಐನೂರರ ಮೇಲೆ ಕೊಡುತ್ತದೆ. ಗಾಡಿ ಓಡಿಸುತ್ತಾ ಊರೊಳಗೆ ಬಂದರೆ ಕಟ್ಟಡಗಳಿಗೆ ಬಣ್ಣವೇ ಇಲ್ಲದೆ ಮೊದ್ದಾಗಿ ಕಂಡು, ಸ್ವಲ್ಪ ಹೊತ್ತಿಗೆ ತುಂಬಿಕೊಳ್ಳುವುದು ಡಿಸ್ಕಿನ ನಿಧಾನದಿಂದ. ಹಳೆಯ ಸಿಸ್ಟಂಗೆ ಹಾಕುವ ದುಡ್ಡಿನಲ್ಲಿ ಗೇಮ್ ಆಡದವರಿಗೂ ದಿನಾ ಉಪಯೋಗಕ್ಕೆ ಬರುವುದು ಇದೊಂದೇ.

ಕಾರ್ಡ್ ಬದಲಿಸಲೇಬೇಕು ಎಂದಾದರೆ ಮೊದಲು ನೋಡಬೇಕಾದ್ದು ಎಸ್‌ಎಂಪಿಎಸ್, ಅಂದರೆ ಸಿಸ್ಟಂಗೆಲ್ಲ ವಿದ್ಯುತ್ ಹಂಚುವ ಡಬ್ಬಿ. ಡಬ್ಬಿಯ ಮೇಲೆ ದೊಡ್ಡದಾಗಿ 450 ಎಂದು ಬರೆದಿದ್ದಕ್ಕೆ ಬೆಲೆಯಿಲ್ಲ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿ. 15 ಆಂಪಿಯರ್ ಇದ್ದರೆ ಕೈಗೆ ಸಿಗುವುದು 180 ವ್ಯಾಟ್ ಮಾತ್ರ. ಐ5-4570 ಥರದ ಪ್ರೊಸೆಸರ್‌ಗೆ 84 ವ್ಯಾಟ್, ಸಾಧಾರಣ ಕಾರ್ಡಿಗೆ 75, ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಇನ್ನೊಂದು ನಲವತ್ತು, ಐವತ್ತು. ಲೆಕ್ಕ ಅಲ್ಲೇ ತಪ್ಪಿತು. ಇಂಥ ಸಿಸ್ಟಂ ವಿಂಡೋಸ್‌ನಲ್ಲಿ ಏನೂ ತೋರಿಸುವುದಿಲ್ಲ. ಗೇಮ್ ಶುರುವಾಗಿ ಭಾರ ಬಿದ್ದ ಕ್ಷಣ ಫಕ್ಕನೆ ಆರಿಹೋಗುತ್ತದೆ. ಬೋರ್ಡಿನ ಸ್ಲಾಟಿನಿಂದ ಸಿಗುವುದು 75 ವ್ಯಾಟ್, 6 ಪಿನ್ ತಂತಿಯಿಂದ ಇನ್ನೊಂದು 75, 8 ಪಿನ್‌ನಿಂದ 150. 8 ಪಿನ್ ತಂತಿ ಇಲ್ಲವೆಂದು ಹಾರ್ಡ್ ಡಿಸ್ಕಿನ ತಂತಿಗೆ ಅಡಾಪ್ಟರ್ ಸಿಕ್ಕಿಸುವ ಪದ್ಧತಿ ದಯವಿಟ್ಟು ನಿಲ್ಲಲಿ. ಆ ತೆಳು ತಂತಿ ಅಷ್ಟು ವಿದ್ಯುತ್ ಹೊರಲಾರದು, ಕನೆಕ್ಟರ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಯುಪಿಎಸ್ ಇದ್ದವರು ಅದನ್ನೂ ನೋಡಿ: 600 ವಿಎ ಎಂದಿದ್ದರೆ ಸಾಮಾನ್ಯವಾಗಿ ಹೊರುವುದು 360 ವ್ಯಾಟ್, ಮಾನಿಟರ್ ಸೇರಿ.

ಕಚೇರಿಗಳಿಂದ ಹೊರಬಂದ ಚಿಕ್ಕ ಡೆಸ್ಕ್‌ಟಾಪ್‌ಗಳನ್ನು ಈಗ ನಮ್ಮ ಕಡೆ ಬಹಳ ಜನ ಕೊಳ್ಳುತ್ತಿದ್ದಾರೆ. ಗಟ್ಟಿಮುಟ್ಟಾದ ಯಂತ್ರಗಳೇ. ಆದರೆ ಅವುಗಳಲ್ಲಿ ಹಲವಕ್ಕೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ, ಎಸ್‌ಎಂಪಿಎಸ್ ಇನ್ನೂರು ವ್ಯಾಟಿನ ಆಸುಪಾಸು, ಬೋರ್ಡಿನ ಪವರ್ ಕನೆಕ್ಟರ್ ಆ ಕಂಪನಿಯದೇ ಅಳತೆ. ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಹೊಂದುವುದಿಲ್ಲ. ಇವಕ್ಕೆ ಬೇರೆ ತಂತಿ ಕೇಳದ ಕಾರ್ಡೇ ಗತಿ. ಜಿಟಿಎಕ್ಸ್ 1650ರ ಕೆಲವು ಮಾದರಿ 75 ವ್ಯಾಟ್, ಆರ್‌ಎಕ್ಸ್ 6400ಕ್ಕೆ 53 ವ್ಯಾಟ್, 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050ಕ್ಕೆ 70 ವ್ಯಾಟ್. ಈ ಮೂರರಲ್ಲಿ ನಮ್ಮ ಒಲವು ಕೊನೆಯದಕ್ಕೆ. ರೇ ಟ್ರೇಸಿಂಗ್ ಅಂಗ ಅದರಲ್ಲಿದೆ, ಮೆಮೊರಿಯೂ 6 ಜಿಬಿ. ಆದರೂ 8 ಜಿಬಿ ಕೇಳುವ ಗೇಮ್‌ಗೆ ಅದು ಕಡಿಮೆಯೇ ಎಂಬುದು ಗೊತ್ತಿರಲಿ. ಆರ್‌ಎಕ್ಸ್ 6400 ಹಳೆಯ ಬೋರ್ಡಿಗೆ ಒಳ್ಳೆಯ ಜೋಡಿಯಲ್ಲ. ಅದು ಬೋರ್ಡಿನೊಂದಿಗೆ ಮಾತಾಡುವುದು ನಾಲ್ಕೇ ಲೇನ್‌ನಲ್ಲಿ, ಅಂದರೆ ಮಾಹಿತಿ ಸಾಗುವ ನಾಲ್ಕೇ ಸಾಲಿನಲ್ಲಿ. ಪಿಸಿಐಇ ಎಂಬ ಕಾರ್ಡ್ ಸ್ಲಾಟಿನ 4.0 ಆವೃತ್ತಿಯಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುವ ದಾರಿ, 3.0ರಲ್ಲಿ 4ಕ್ಕೂ ಎರಡನೇ ತಲೆಮಾರಿನ ಇಂಟೆಲ್‌ನ 2.0ರಲ್ಲಿ 2ಕ್ಕೂ ಇಳಿಯುತ್ತದೆ. ಅದರ 4 ಜಿಬಿ ಮೆಮೊರಿ ತುಂಬಿ ಚೆಲ್ಲಿದ ಕೂಡಲೇ ಗೇಮ್ ಕಾಲೆಳೆಯುವುದು ಇದಕ್ಕೇ. ತೀರಾ ಹಳೆಯ ಬೋರ್ಡುಗಳಲ್ಲಿ ಹೊಸ ಕಾರ್ಡ್ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಕಾರ್ಡ್ ಕೆಟ್ಟಿದೆ ಎನ್ನುವ ಮುಂಚೆ ಬಯೋಸ್‌ನ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗೇ ಇರುವ ತಂತ್ರಾಂಶ) ಅಪ್‌ಡೇಟ್ ಇದೆಯೇ ನೋಡಬೇಕು.

ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲಿ ನಕಲಿಗಳಿವೆ. ಹಳೆಯ ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐ ಕಾರ್ಡಿನ ಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಹೆಸರು ಬರಿಸುತ್ತಾರೆ. ವಿಂಡೋಸ್ ಕೂಡ ಅದೇ ಹೆಸರು ತೋರಿಸುತ್ತದೆ. ಆದರೆ ಜಿಪಿಯು–ಝಡ್ ಎಂಬ ತಂತ್ರಾಂಶ ಇಂಥ ಬಹಳಷ್ಟು ಕಾರ್ಡುಗಳ ಹೆಸರಿನ ಮುಂದೆ ‘ಫೇಕ್’ ಎಂದು ಬರೆದುಬಿಡುತ್ತದೆ. ಅಸಲಿ 1050 ಟಿಐಯಲ್ಲಿ 768 ಶೇಡರ್‌ಗಳು (ಚಿತ್ರ ಬಿಡಿಸುವ ಚಿಕ್ಕ ಘಟಕಗಳು), ಆ ಹಳೆಯವುಗಳಲ್ಲಿ 192. ಬರಿಗಣ್ಣಿಗೇ ಸಿಗುವ ಗುರುತೂ ಇದೆ: 1050 ಟಿಐ ಎನ್ನುವ ಕಾರ್ಡಿನ ಹಿಂಬದಿಯಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಕಂಡರೆ ಅನುಮಾನಪಡಿ, ಆ ಸರಣಿಯ ಚಿಪ್ಪಿನಲ್ಲಿ ವಿಜಿಎ ಸಂಕೇತವೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೂ ಹೋಗಿ ತರುವವರು ದುಡ್ಡು ಕೊಡುವ ಮುಂಚೆ ಅಲ್ಲೇ ಒಂದು ಸಿಸ್ಟಂಗೆ ಹಾಕಿಸಿ, ಜಿಪಿಯು–ಝಡ್ ತೆರೆಸಿ, ಅರ್ಧ ಗಂಟೆ ಭಾರ ಕೊಟ್ಟು ನೋಡಿಕೊಂಡೇ ಬನ್ನಿ.

ಲ್ಯಾಪ್‌ಟಾಪಿನವರಿಗೆ ಕಹಿಯಾದ ಮಾತನ್ನೇ ಹೇಳಬೇಕು. ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಬಹುತೇಕ ಎಲ್ಲದರಲ್ಲೂ ಬದಲಿಸಲಾಗದು. ರ್ಯಾಮ್, ಎಸ್‌ಎಸ್‌ಡಿ, ಶುಚಿ ಇಷ್ಟೇ ನಮ್ಮ ಕೈಲಿರುವುದು. ಪ್ರೊಸೆಸರ್ ಒಳಗಿನ ಇಂಟೆಲ್ ಯುಎಚ್‌ಡಿ 620 ಗ್ರಾಫಿಕ್ಸ್ ಮಾತ್ರ ಇರುವ ಲ್ಯಾಪ್‌ಟಾಪಿನಲ್ಲಿ ಈಗಿನ ದೊಡ್ಡ ಗೇಮ್ ಆಡುವ ಆಸೆ ಬಿಡಬೇಕು. 2015ರಲ್ಲಿ ಕಂಪ್ಯೂಟರಿಗೆ ಬಂದ ‘ಜಿಟಿಎ 5’ರ ಮೊದಲ ಆವೃತ್ತಿಯಂಥವು 720ರಲ್ಲಿ ನಡೆಯುತ್ತವೆ. ಅಂದಹಾಗೆ ‘ಜಿಟಿಎ 6’ ನಮ್ಮ ಸಿಸ್ಟಂನಲ್ಲಿ ಓಡುತ್ತಾ ಎಂದು ಈಗಲೇ ಕೇಳುವ ಮಕ್ಕಳಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಮೊದಲ ಟ್ರೇಲರ್ ಬಂದಾಗ ಹೆಸರಿಸಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎರಡನ್ನೇ. ಕಂಪ್ಯೂಟರಿಗೆಂದು ಆ ಹೆಸರಿನಲ್ಲಿ ಹರಿದಾಡುವ ಫೈಲುಗಳನ್ನು ಮುಟ್ಟಬೇಡಿ. ‘ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎನ್ನುವ ಯಾವ ಫೈಲೂ ಒಳ್ಳೆಯದಕ್ಕೆ ಬಂದದ್ದಲ್ಲ.

ಸೆಟ್ಟಿಂಗ್ ಇಳಿಸುವುದಕ್ಕೂ ಒಂದು ಕ್ರಮವಿದೆ. ಎಲ್ಲವನ್ನೂ ಒಟ್ಟಿಗೆ ‘ಲೋ’ ಮಾಡಿದರೆ ಚಿತ್ರ ಕೆಡುತ್ತದೆ, ಲಾಭ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಮೊದಲು ನೆರಳು, ಮಂಜು–ಮೋಡ, ಪ್ರತಿಫಲನ ಇಳಿಸಿ. ಕಾರ್ಡಿನ ರಕ್ತ ಹೀರುವುದು ಇವೇ. ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರವನ್ನು ಕಾರ್ಡಿನ ಮೆಮೊರಿ ಹಿಡಿಯುವಷ್ಟು ಇಟ್ಟುಕೊಳ್ಳಬಹುದು, ಮೆಮೊರಿ ಮೀರದಿದ್ದರೆ ವೇಗ ಹೆಚ್ಚೇನೂ ತಗ್ಗದು. ಪ್ರೊಸೆಸರ್ ದಣಿದಿದ್ದರೆ ಇಳಿಸಬೇಕಾದ್ದು ಜನಸಂದಣಿ, ವಾಹನಗಳ ಸಂಖ್ಯೆ, ಎಷ್ಟು ದೂರ ಕಾಣಬೇಕು ಎಂಬುದು. ಗೇಮ್‌ನಲ್ಲಿ ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಎಂಡಿಯ ಎಫ್‌ಎಸ್‌ಆರ್ ಇದ್ದರೆ ಹಾಕಿ. ಅದರ ಮೊದಲ ಆವೃತ್ತಿಗಳು ಹಳೆಯ ಎನ್‌ವಿಡಿಯಾ ಕಾರ್ಡುಗಳಲ್ಲೂ ನಡೆಯುತ್ತವೆ. ಎನ್‌ವಿಡಿಯಾದ ಇಂಥದ್ದೇ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಕೊನೆಗೆ ಫ್ರೇಮನ್ನು 30ಕ್ಕೆ ಕಟ್ಟಿಹಾಕಿ. 25ಕ್ಕೂ 50ಕ್ಕೂ ನಡುವೆ ತುಯ್ದಾಡುವುದಕ್ಕಿಂತ ಅಲುಗದ 30 ಕಣ್ಣಿಗೂ ಕೈಗೂ ಹಿತ.

ಆನ್‌ಲೈನ್ ಗೇಮ್‌ಗಳಲ್ಲಿ ಇನ್ನೊಂದು ಬಾಗಿಲಿದೆ. 2025ರ ‘ಬ್ಯಾಟಲ್‌ಫೀಲ್ಡ್ 6’ಕ್ಕೆ ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಎರಡು ಭದ್ರತಾ ವ್ಯವಸ್ಥೆಗಳು ಇರಲೇಬೇಕು, ವಿಂಡೋಸ್ 11ರಲ್ಲಿ ‘ವ್ಯಾಲೊರಂಟ್’ ಕೂಡ ಇವನ್ನೇ ಕೇಳುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಇವು ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತವೆ. ಆದರೆ ಡಿಸ್ಕಿನ ವಿಭಾಗಗಳು ಹಳೆಯ ಎಂಬಿಆರ್ ಪದ್ಧತಿಯಲ್ಲಿದ್ದಾಗ ಬಯೋಸ್‌ನಲ್ಲಿ ನೇರವಾಗಿ, ಸೆಕ್ಯೂರ್ ಬೂಟ್‌ಗೆ ಬೇಕಾದ ಯುಇಎಫ್‌ಐ ಎಂಬ ಹೊಸ ಪದ್ಧತಿಗೆ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಮುಖ್ಯ ಫೈಲುಗಳನ್ನು ಬೇರೆ ಕಡೆ ನಕಲಿಸಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಡಿಸ್ಕನ್ನು ಪರಿವರ್ತಿಸಿ, ಆಮೇಲೆ ಬಯೋಸ್ ಮುಟ್ಟಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಬಹುತೇಕ ಎಂಟನೇ ತಲೆಮಾರಿನಿಂದ ಮುಂದಿನದನ್ನು. ಏಳನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಯಂತ್ರಕ್ಕೆ ದೊಡ್ಡ ದುಡ್ಡು ಸುರಿಯಬೇಡಿ ಎಂದು ನಾವು ಹೇಳುವುದಕ್ಕೆ ಇದೇ ಕಾರಣ. ಎಸ್‌ಎಸ್‌ಡಿ ಹಾಕಿಸಿ, ಶುಚಿ ಮಾಡಿಸಿ, ಹಳೆಯ ಗೇಮ್‌ಗಳಿಗೆ ಇಟ್ಟುಕೊಳ್ಳಿ. ಎಂಟರಿಂದ ಈಚಿನದಾದರೆ ಒಂದು ಒಳ್ಳೆಯ ಎಸ್‌ಎಂಪಿಎಸ್, ಒಂದು ಕಾರ್ಡ್ ಖಂಡಿತ ತಕ್ಕುದು.

ಇಷ್ಟೆಲ್ಲ ಆದಮೇಲೂ ಅನುಮಾನವಿದ್ದರೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ಕೊಂಡ ಗೇಮನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಿಂದಿರುಗಿಸಬಹುದು. ಡೌನ್‌ಲೋಡ್ ಸಮಯ ಆ ಎರಡು ಗಂಟೆಗೆ ಸೇರುವುದಿಲ್ಲ, ಆದರೆ 14 ದಿನದ ಎಣಿಕೆ ಕೊಂಡ ದಿನದಿಂದಲೇ ಶುರು. ಪಾಂಡವಪುರ, ನಾಗಮಂಗಲದ ಕಡೆಯ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿ 100 ಜಿಬಿ ಗೇಮ್ ಇಳಿಸಲು ಹೊರಟರೆ 50 ದಿನ ಬೇಕು. ವಾಪಸಿನ ಗಡುವು ಯಾವಾಗಲೋ ದಾಟಿರುತ್ತದೆ. ಫೈಬರ್ ಇರುವ ನೆಂಟರ ಮನೆಗೆ ಸಿಸ್ಟಂ ಒಯ್ದು ಇಳಿಸಿಕೊಳ್ಳಿ. 40 ಎಂಬಿಪಿಎಸ್ ಇದ್ದರೆ ಐದೂವರೆ ಗಂಟೆಯ ಕೆಲಸ. ಮೊದಲ ಸಲ ತೆರೆದಾಗ ಶೇಡರ್ (ಇಲ್ಲಿ, ಚಿತ್ರ ಬಿಡಿಸುವ ಚಿಕ್ಕ ಪ್ರೋಗ್ರಾಂಗಳು) ಸಿದ್ಧವಾಗಲು ಹಿಡಿಯುವ ಹತ್ತಿಪ್ಪತ್ತು ನಿಮಿಷ ಮಾತ್ರ ಆಟದ ಲೆಕ್ಕಕ್ಕೇ ಬೀಳುತ್ತದೆ, ಆಗ ಗೇಮ್ ತೆರೆದಿಟ್ಟು ಊಟಕ್ಕೆ ಏಳಬೇಡಿ.

ಅಂಗಡಿಯವರಲ್ಲಿ ನಮ್ಮ ಕೋರಿಕೆ ಒಂದೇ. ಬಿಲ್ಲಿನಲ್ಲಿ ಪ್ರೊಸೆಸರ್‌ನ ಪೂರ್ತಿ ಸಂಖ್ಯೆ, ಕಾರ್ಡಿನ ಪೂರ್ತಿ ಹೆಸರು ಮತ್ತು ಮೆಮೊರಿಯ ಬಗೆ, ಎಸ್‌ಎಂಪಿಎಸ್‌ನ 12 ವೋಲ್ಟಿನ ಆಂಪಿಯರ್ ಈ ಮೂರನ್ನು ಬರೆಯಿರಿ. ಕೊಳ್ಳುವವರು ಈ ಮೂರಿಲ್ಲದ ಬಿಲ್ಲಿಗೆ ದುಡ್ಡು ಕೊಡಬೇಡಿ.

ಇತಿ ತಮ್ಮ,
ಕಂಪ್ಯೂಟರ್ ದುರಸ್ತಿ ಕೆಲಸದವರು,
ಸರಸ್ವತಿಪುರಂ, ಮೈಸೂರು